ಹೆರೆದದ್ದೋ, ಮುಚ್ಚಿದ್ದೋ, ಸೇರಿಸಿದ್ದೋ? ಮಧ್ಯಯುಗದ ಪ್ರಾರ್ಥನಾ ಪುಸ್ತಕಗಳ ತಿದ್ದುಪಡಿಗೆ ಸರಿಯಾದ ಪರೀಕ್ಷೆಯ ಆಯ್ಕೆ

ಹಸ್ತಪ್ರತಿಶಾಸ್ತ್ರವನ್ನೋ ಗ್ರಂಥಸಂರಕ್ಷಣೆಯನ್ನೋ ಓದುತ್ತಿರುವವರು, ಅದರಲ್ಲೂ ಯುರೋಪಿನ ಗ್ರಂಥಾಲಯಗಳಲ್ಲಿ ಕುಳಿತು ಪ್ರಬಂಧ ಬರೆಯಲು ಹೊರಟವರು, ಒಂದಲ್ಲ ಒಂದು ಹಂತದಲ್ಲಿ ಇದೇ ಗೊಂದಲಕ್ಕೆ ಬೀಳುತ್ತಾರೆ. ಹದಿನೈದನೆಯ ಶತಮಾನದ ಪ್ರಾರ್ಥನಾ ಪುಸ್ತಕವೊಂದರಲ್ಲಿ ಯಾರೋ ಏನನ್ನೋ ಬದಲಾಯಿಸಿದ್ದಾರೆಂಬ ಅನುಮಾನ ಹುಟ್ಟಿದೆ. ಅದನ್ನು ಸಾಬೀತುಪಡಿಸಲು ಅತಿನೇರಳೆ ದೀಪವೊಂದು ಸಾಕೇ, ಅವಕೆಂಪು ಕ್ಯಾಮೆರಾ ಬೇಕೇ, ಕ್ಷ-ಕಿರಣದ ಯಂತ್ರಕ್ಕೆ ಅರ್ಜಿ ಹಾಕಬೇಕೇ, ಅಥವಾ ಹಾಳೆಯ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಬೇಕೇ? ಹಣ ಕಡಿಮೆ, ಗ್ರಂಥಾಲಯ ಕೊಡುವ ಸಮಯ ಇನ್ನೂ ಕಡಿಮೆ, ಪುಸ್ತಕವಂತೂ ಒಂದೇ ಒಂದು. ಹೀಗಿರುವಾಗ ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಇಲ್ಲಿ ತೂಗಿ ನೋಡೋಣ.

ಮೊದಲು ಪುಸ್ತಕದ ಸ್ವಭಾವ ತಿಳಿದಿರಬೇಕು. ‘ಬುಕ್ ಆಫ್ ಅವರ್ಸ್’ ಎಂದು ಕರೆಯಲಾಗುವ ಈ ಪುಸ್ತಕಗಳು ಪಾದ್ರಿಗಳಿಗಾಗಿ ಅಲ್ಲ, ಮನೆಮಂದಿಗಾಗಿ ಹುಟ್ಟಿದವು. ದಿನದ ಎಂಟು ಹೊತ್ತಿಗೆ ಹೇಳಿಕೊಳ್ಳಬೇಕಾದ ಕನ್ಯಾಮರಿಯಳ ಪ್ರಾರ್ಥನೆಗಳು, ಸಂತರ ಹಬ್ಬಗಳ ಪಂಚಾಂಗ, ಪಶ್ಚಾತ್ತಾಪದ ಏಳು ಕೀರ್ತನೆಗಳು ಮತ್ತು ಸತ್ತವರಿಗಾಗಿ ಹೇಳುವ ಪ್ರಾರ್ಥನೆಗಳು ಇವುಗಳಲ್ಲಿ ಇರುತ್ತವೆ. ಫ್ರಾನ್ಸ್, ಫ್ಲಾಂಡರ್ಸ್ ಮತ್ತು ಇಂಗ್ಲೆಂಡಿನಲ್ಲಿ ಹದಿಮೂರರಿಂದ ಹದಿನಾರನೆಯ ಶತಮಾನದವರೆಗೆ ಇವು ಅಪಾರ ಸಂಖ್ಯೆಯಲ್ಲಿ ತಯಾರಾದವು. ತಾಯಿಯಿಂದ ಮಗಳಿಗೆ, ಸತ್ತ ಹೆಂಡತಿಯಿಂದ ಹೊಸ ಹೆಂಡತಿಗೆ, ಮಾರಾಟವಾಗಿ ಅಪರಿಚಿತರಿಗೆ ಹೀಗೆ ಕೈಯಿಂದ ಕೈಗೆ ಹೋದ ಪುಸ್ತಕದಲ್ಲಿ ಪ್ರತಿ ಒಡೆಯನೂ ತನ್ನ ಗುರುತು ಬಿಟ್ಟಿದ್ದಾನೆ ಅಥವಾ ಹಿಂದಿನವರ ಗುರುತು ಅಳಿಸಿದ್ದಾನೆ. ಇದಕ್ಕೆ ರಾಜಾಜ್ಞೆಯೂ ಸೇರಿಕೊಂಡಿತು. 1535ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿ ಎಲ್ಲ ಪ್ರಾರ್ಥನಾ ಪುಸ್ತಕಗಳಿಂದ ಪೋಪನ ಹೆಸರನ್ನು ತೆಗೆಯಬೇಕೆಂದು ಆಜ್ಞೆ ಹೊರಡಿಸಿದನು. 1538ರಲ್ಲಿ, 1170ರಲ್ಲಿ ಕೊಲೆಯಾದ ಸಂತ ಥಾಮಸ್ ಬೆಕೆಟ್‌ನ ಹಬ್ಬ ಮತ್ತು ಪ್ರಾರ್ಥನೆಗಳಿಗೂ ಅದೇ ಗತಿ ಬಂತು. ಅಂದಿನ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಸಿಕ್ಕರೆ ಪಂಚಾಂಗದಲ್ಲಿ ಡಿಸೆಂಬರ್ 29ರ ಸಾಲನ್ನು ಮೊದಲು ನೋಡಿ. ಕೆಲವರು ಚಾಕುವಿನಿಂದ ಹೆರೆದಿದ್ದಾರೆ, ಕೆಲವರು ಓದಲು ಬರುವಂತೆಯೇ ತೆಳುವಾದ ಒಂದು ಗೆರೆ ಎಳೆದು ಕೈತೊಳೆದುಕೊಂಡಿದ್ದಾರೆ. ಆ ತೆಳು ಗೆರೆ ರಾಜನಿಗೆ ತೋರಿಸಿದ ಭಕ್ತಿಯೋ ಸಂತನಿಗೆ ತೋರಿಸಿದ ಭಕ್ತಿಯೋ ಎಂಬುದನ್ನು ಯಾವ ಯಂತ್ರವೂ ಹೇಳದು.

ಆಯ್ಕೆಯ ಮಾನದಂಡಗಳನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ತಿದ್ದುಪಡಿಯ ಬಗೆ. ತಿದ್ದಿದವರು ಇದ್ದದ್ದನ್ನು ಹೆರೆದು ತೆಗೆದರೇ, ಅದರ ಮೇಲೆ ಬಣ್ಣ ಬಳಿದು ಮುಚ್ಚಿದರೇ, ಹೊಸ ಸಾಲನ್ನೋ ಹಾಳೆಯನ್ನೋ ಸೇರಿಸಿದರೇ, ಇಲ್ಲವೇ ಕೇವಲ ಬಳಸಿ ಸವೆಸಿದರೇ ಎಂಬುದಕ್ಕೆ ತಕ್ಕಂತೆ ಉಪಕರಣ ಬೇರೆಯಾಗುತ್ತದೆ. ಎರಡನೆಯದು ಮಸಿ ಮತ್ತು ಬಣ್ಣ ಯಾವುದರಿಂದ ಆದವು ಎಂಬುದು. ಮೂರನೆಯದು ಉತ್ತರದ ಸ್ವರೂಪ: ನಿಮಗೆ ಅಳಿಸಿದ ಅಕ್ಷರಗಳು ಓದಲು ಸಿಕ್ಕರೆ ಸಾಕೇ, ಎರಡು ಕೈಗಳ ಕೆಲಸ ಬೇರೆಬೇರೆ ಎಂದು ತೋರಿಸಬೇಕೇ, ಅಥವಾ ಕಾಲವನ್ನೇ ನಿರ್ಧರಿಸಬೇಕೇ? ಮೂರೂ ಬೇರೆ ಬೇರೆ ಪ್ರಶ್ನೆಗಳು, ಇವುಗಳನ್ನು ಒಂದೆಂದು ತಿಳಿಯುವುದರಿಂದಲೇ ಹೆಚ್ಚಿನ ಹಣ ವ್ಯರ್ಥವಾಗುತ್ತದೆ. ಇವುಗಳ ನಂತರ ಪುಸ್ತಕಕ್ಕೆ ಆಗಬಹುದಾದ ಹಾನಿ, ಖರ್ಚು, ಮತ್ತು ಫಲಿತಾಂಶವನ್ನು ಓದಬಲ್ಲವರ ಲಭ್ಯತೆ ಬರುತ್ತವೆ. ಕೊನೆಯದನ್ನು ಹಗುರವಾಗಿ ಎಣಿಸಬೇಡಿ. ಯಂತ್ರವನ್ನು ಬಾಡಿಗೆಗೆ ತರಬಹುದು, ಅದು ಕೊಡುವ ರೇಖಾಚಿತ್ರವನ್ನು ಅರ್ಥೈಸುವ ಕಣ್ಣನ್ನು ತರಲಾಗದು.

ಮಸಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಹೋಲಿಕೆಯೂ ಇದರ ಮೇಲೆಯೇ ನಿಂತಿದೆ. ಯುರೋಪಿನ ಲಿಪಿಕಾರರು ಚರ್ಮದ ಹಾಳೆಯ ಮೇಲೆ ಬರೆಯಲು ಹೆಚ್ಚಾಗಿ ಬಳಸಿದ್ದು ಕಬ್ಬಿಣದ ಮಸಿ. ನಮ್ಮ ಗ್ರಂದಿಗೆ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಮಾಚಿಕಾಯಿಯ ಕಷಾಯ, ಅನ್ನಭೇದಿ ಮತ್ತು ಗೋಂದು ಸೇರಿದರೆ ಅದು ತಯಾರು. ಈ ಮಸಿ ಚರ್ಮದೊಳಕ್ಕೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮೇಲ್ಪದರವನ್ನು ಹೆರೆದರೂ ಒಳಗೆ ಅದರ ಅಂಶ ಉಳಿಯುತ್ತದೆ. ಕಾಡಿಗೆಯಿಂದ ಮಾಡಿದ ಮಸಿ ಹಾಗಲ್ಲ, ಅದು ಮೇಲ್ಮೈಯಲ್ಲೇ ಕೂರುತ್ತದೆ. ಹಬ್ಬದ ದಿನಗಳನ್ನು ಬರೆಯಲು ಬಳಸುತ್ತಿದ್ದ, ಪಾದರಸದ ಅಂಶವಿರುವ ಇಂಗಳೀಕದ ಕೆಂಪೂ ಬಹುಮಟ್ಟಿಗೆ ಮೇಲ್ಮೈಯದೇ. ಅವಕೆಂಪು ಬೆಳಕಿನ ತರಂಗ ಉದ್ದವಾದಂತೆಲ್ಲ ಕಬ್ಬಿಣದ ಮಸಿ ತಿಳಿಯಾಗುತ್ತಾ ಹೋಗಿ ಕೊನೆಗೆ ಕಾಣೆಯಾಗುತ್ತದೆ, ಕಾಡಿಗೆ ಕಪ್ಪಾಗಿಯೇ ಉಳಿಯುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದಂತೆ.

ಈಗ ಒಂದೊಂದಾಗಿ ನೋಡೋಣ.

ಅತ್ಯಂತ ಅಗ್ಗವಾದದ್ದು ಓರೆ ಬೆಳಕು ಮತ್ತು ಸೂಕ್ಷ್ಮದರ್ಶಕ. ಕತ್ತಲ ಕೋಣೆಯಲ್ಲಿ ಹಾಳೆಯ ಅಂಚಿನಿಂದ ಬಹುತೇಕ ಸಮತಲವಾಗಿ ಬೆಳಕು ಬಿಟ್ಟರೆ ಚಾಕು ಹೆರೆದ ಜಾಗದ ಒರಟು ನೂಲುಗಳು, ಮಸಿಯಿಲ್ಲದ ಮೊನೆಯಿಂದ ಗೀಚಿದ ಗೆರೆಗಳು, ಬಣ್ಣದ ಮೇಲೆ ಬಣ್ಣ ಬಿದ್ದು ಆದ ಉಬ್ಬು ಇವೆಲ್ಲ ನೆರಳಿನಿಂದ ಎದ್ದು ಕಾಣುತ್ತವೆ. ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸೂಕ್ಷ್ಮದರ್ಶಕಗಳ ಪೈಕಿ ಸಾಮಾನ್ಯ ಬೆಳಕಿನ ಜೊತೆಗೆ ಅತಿನೇರಳೆಯನ್ನೂ 940 ನ್ಯಾನೊಮೀಟರ್ ತರಂಗದೂರದ ಅವಕೆಂಪನ್ನೂ ಕೊಡುವ ಮಾದರಿಗಳಿವೆ. ಬರ್ಲಿನ್‌ನ ವಸ್ತು ಸಂಶೋಧನಾ ಸಂಸ್ಥೆಯಾದ ಬಾಮ್‌ನ ತಜ್ಞರು ಮಸಿಯ ಬಗೆಯನ್ನು ಗುರುತಿಸುವ ಮೊದಲ ಹೆಜ್ಜೆಯಾಗಿ ಇಂಥದ್ದನ್ನೇ ಬಳಸುತ್ತಾರೆ. ಈ 940ರ ಅವಕೆಂಪಿನಲ್ಲಿ ಅಕ್ಷರ ಹಾಗೆಯೇ ಕಪ್ಪಾಗಿ ಉಳಿದರೆ ಕಾಡಿಗೆ, ಮಾಸಿದರೆ ಕಬ್ಬಿಣದ ಮಸಿ, ಪೂರ್ತಿ ಮರೆಯಾದರೆ ಕಬ್ಬಿಣವಿಲ್ಲದ ಸಸ್ಯಜನ್ಯ ಮಸಿ. ಪ್ರಾರ್ಥನೆಯ ನಡುವೆ ಹೆಸರೊಂದನ್ನು ಬೇರೆ ಬಗೆಯ ಮಸಿಯಲ್ಲಿ ತುಂಬಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ಎರಡೂ ಕಬ್ಬಿಣದ ಮಸಿಯೇ ಆಗಿದ್ದರೆ ಈ ಉಪಾಯ ಸುಮ್ಮನಾಗುತ್ತದೆ, ಪ್ರಾರ್ಥನಾ ಪುಸ್ತಕಗಳಲ್ಲಿ ಅದೇ ಹೆಚ್ಚು.

ಅತಿನೇರಳೆ ದೀಪ ಹೆರೆದು ತೆಗೆದ ಬರಹಕ್ಕೆ ಹೇಳಿ ಮಾಡಿಸಿದ್ದು. 365 ನ್ಯಾನೊಮೀಟರಿನ ಬೆಳಕು ಬಿದ್ದಾಗ ಚರ್ಮದ ಹಾಳೆ ತಾನೇ ನೀಲಿಯಾಗಿ ಮಿನುಗುತ್ತದೆ. ಕಬ್ಬಿಣದ ಮಸಿಯ ಅಂಶ ಉಳಿದಿರುವಲ್ಲಿ ಆ ಮಿನುಗು ಸತ್ತು ಅಕ್ಷರಗಳು ಕಪ್ಪಾಗಿ ಮೂಡುತ್ತವೆ. ಒಳ್ಳೆಯ ದೀಪಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 395 ನ್ಯಾನೊಮೀಟರಿನ ಟಾರ್ಚಿನಲ್ಲಿ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಹೆಚ್ಚು ಸೋರುವುದರಿಂದ ಅದನ್ನು ಕೊಳ್ಳಬೇಡಿ. ಈ ವಿಧಾನ ಎಷ್ಟು ಮಾಡಬಲ್ಲದು ಎಂಬುದಕ್ಕೆ 2021ರ ಉದಾಹರಣೆಯೊಂದಿದೆ. ಇಂಗ್ಲೆಂಡಿನ ಹೀವರ್ ಕೋಟೆಯಲ್ಲಿರುವ, ಎಂಟನೆಯ ಹೆನ್ರಿಯ ರಾಣಿ ಆನ್ ಬೊಲಿನ್‌ಳದಾಗಿದ್ದ ಪ್ರಾರ್ಥನಾ ಪುಸ್ತಕವನ್ನು ಕೇಟ್ ಮೆಕ್‌ಕ್ಯಾಫ್ರಿ ಎಂಬ ಸ್ನಾತಕೋತ್ತರ ವಿದ್ಯಾರ್ಥಿನಿ ಅತಿನೇರಳೆ ಬೆಳಕು ಮತ್ತು ಚಿತ್ರ ತಿದ್ದುವ ಸಾಮಾನ್ಯ ತಂತ್ರಾಂಶದ ನೆರವಿನಿಂದ ಪರಿಶೀಲಿಸಿದಾಗ, ಅಳಿಸಿಹೋಗಿದ್ದ ಹೆಸರುಗಳು ಹೊರಬಿದ್ದವು. ಗೇಜ್, ವೆಸ್ಟ್, ಶರ್ಲಿ ಎಂಬ ಆ ಮನೆತನಗಳ ಹೆಸರಿನಿಂದ, 1536ರಲ್ಲಿ ರಾಣಿಯ ತಲೆ ಕಡಿಸಿದ ಮೇಲೂ ಅವಳ ಪುಸ್ತಕ ಯಾವ ಹೆಂಗಸರ ಕೈಗಳಲ್ಲಿ ಉಳಿದು ಬಂತೆಂಬ ಸುಳಿವು ಸಿಕ್ಕಿತು. ಲಕ್ಷಗಟ್ಟಲೆ ಬೆಲೆಯ ಯಂತ್ರ ಅಲ್ಲಿ ಬೇಕಾಗಲಿಲ್ಲ.

ಇದರ ಮಿತಿಯೂ ಅಷ್ಟೇ ಸ್ಪಷ್ಟ. ಕೆಂಪಿನಲ್ಲಿ ಬರೆದ ಹಬ್ಬದ ಹೆಸರನ್ನು ಚೆನ್ನಾಗಿ ಹೆರೆದಿದ್ದರೆ ಅತಿನೇರಳೆ ಬೆಳಕು ಒರಟು ಜಾಗವನ್ನು ತೋರಿಸಬಹುದೇ ಹೊರತು ಅಕ್ಷರವನ್ನಲ್ಲ. ಬೆಕೆಟ್‌ನ ಹಬ್ಬ ಅನೇಕ ಪಂಚಾಂಗಗಳಲ್ಲಿ ಕೆಂಪಕ್ಷರದ್ದೇ ಆಗಿರುವುದರಿಂದ ಈ ನಿರಾಶೆಗೆ ಸಿದ್ಧರಿರಿ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಅಳಿಸಿದ ಬರಹ ಓದಲು ಮಾಚಿಕಾಯಿಯ ರಸವನ್ನೂ ಇತರ ರಾಸಾಯನಿಕಗಳನ್ನೂ ಹಾಳೆಯ ಮೇಲೆ ಸವರುತ್ತಿದ್ದರು. ಅಂಥ ಪುಟ ಸಿಕ್ಕರೆ ಕಲೆಗಳೇ ಎಲ್ಲವನ್ನೂ ನುಂಗಿರುತ್ತವೆ. ಬಣ್ಣಗಳ ಮೇಲೆ ಅತಿನೇರಳೆಯನ್ನು ಹೆಚ್ಚು ಹೊತ್ತು ಬಿಡಬಾರದು, ಕನ್ನಡಕ ಹಾಕಿಕೊಳ್ಳದೆ ಕೆಲಸ ಮಾಡಬಾರದು.

ಮೇಲೆ ಬಣ್ಣ ಬಳಿದು ಮುಚ್ಚಿದ ತಿದ್ದುಪಡಿಗೆ ಬಂದರೆ ಅವಕೆಂಪು ಚಿತ್ರಣವೇ ಮೊದಲ ಆಯ್ಕೆ. ಅನೇಕ ಬಣ್ಣಗಳು ಅವಕೆಂಪಿಗೆ ಅರೆಪಾರದರ್ಶಕ, ಹಾಗಾಗಿ ಕೆಳಗಿನ ಕರಡು ರೇಖೆಗಳೂ ಹಳೆಯ ರೂಪವೂ ಇಣುಕುತ್ತವೆ. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಂ ಸಂಗ್ರಹಾಲಯವು ಪುಟಕ್ಕೆ ಹಾನಿಯಾಗದಂತೆ ಚಿತ್ರಿತ ಹಸ್ತಪ್ರತಿಗಳನ್ನು ಪರೀಕ್ಷಿಸುವ ‘ಮಿನಿಯಾರೆ’ ಎಂಬ ಯೋಜನೆಯನ್ನು ನಡೆಸಿ, ತನ್ನ ಇನ್ನೂರನೆಯ ವರ್ಷವಾದ 2016ರಲ್ಲಿ ಫಲಿತಾಂಶಗಳನ್ನು ಪ್ರದರ್ಶನಕ್ಕಿಟ್ಟಿತು. ಅಲ್ಲಿನ ಎರಡು ಪುಸ್ತಕಗಳು ನಮ್ಮ ಹೋಲಿಕೆಗೆ ಬಹಳ ಉಪಯುಕ್ತ. ಒಂದು, ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಪ್ರಾಂತ್ಯದ ಡ್ಯೂಕ್ ಫ್ರಾನ್ಸಿಸನ ಮನೆಯದು. ಮೊದಲ ಹೆಂಡತಿ ಯೊಲಾಂಡ್ 1440ರಲ್ಲಿ ತೀರಿಕೊಂಡಳು. ಅವನು 1442ರಲ್ಲಿ ಸ್ಕಾಟ್ಲೆಂಡಿನ ರಾಜಕುಮಾರಿ ಇಸಾಬೆಲಾ ಸ್ಟುವರ್ಟಳನ್ನು ಮದುವೆಯಾಗಿ ಅದೇ ಪ್ರಾರ್ಥನಾ ಪುಸ್ತಕವನ್ನು ಅವಳಿಗೆ ಕೊಟ್ಟನು. ಮರಿಯಳ ಮುಂದೆ ಮೊಣಕಾಲೂರಿದ ಹಳೆಯ ಹೆಂಡತಿಯ ಚಿತ್ರದ ಮೇಲೆಯೇ ಹೊಸಬಳನ್ನು ಬರೆಸಿದ್ದಾನೆ, ವಂಶಲಾಂಛನಗಳನ್ನೂ ಬದಲಾಯಿಸಿದ್ದಾನೆ. ಸವತಿಯ ಸೀರೆಯನ್ನು ಉಡಿಸಿದರು ಎಂದು ನಮ್ಮ ಕಡೆ ಆಡಿಕೊಳ್ಳುವಂಥದ್ದೇ ಸಂಗತಿ ಇದು. ಇನ್ನೊಂದು, ಫ್ರಾನ್ಸಿನ ರಾಜಕುಮಾರಿ ಕ್ಲೋಡಳಿಗಾಗಿ ಸುಮಾರು 1505ರಲ್ಲಿ ತಯಾರಾದ, ಅಕ್ಷರಮಾಲೆಯನ್ನೂ ಪ್ರಾರ್ಥನೆಗಳನ್ನೂ ಕಲಿಸುವ ಪುಟ್ಟ ಪುಸ್ತಕ. ಅದರಲ್ಲಿ ಆದಾಮ ಮತ್ತು ಹವ್ವರ ಬೆತ್ತಲೆಯನ್ನು ಸಹಿಸದ ಮುಂದಿನ ಒಡೆಯರೊಬ್ಬರು ಅವರಿಗೆ ಮೇಲುಹೊದಿಕೆ ಬರೆಸಿದ್ದರು. ಅವಕೆಂಪು ಚಿತ್ರಗಳ ಆಧಾರದ ಮೇಲೆ ಕೇಂಬ್ರಿಡ್ಜಿನ ಗಣಿತಜ್ಞರು ಮೂಲರೂಪವನ್ನು ಕಂಪ್ಯೂಟರಿನಲ್ಲಿ ಮರುನಿರ್ಮಿಸಿದರು. ಪುಸ್ತಕದ ಮೇಲಿನ ಬಣ್ಣವನ್ನು ಯಾರೂ ಮುಟ್ಟಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅವಕೆಂಪು ತೋರಿಸುವ ರೇಖೆ ಸಾಕ್ಷ್ಯ, ಗಣಿತದಿಂದ ತುಂಬಿದ ಬಣ್ಣ ಊಹೆ. ಪ್ರಬಂಧದಲ್ಲಿ ಎರಡನ್ನೂ ಒಂದೇ ಚಿತ್ರವಾಗಿ ಮುದ್ರಿಸುವವರನ್ನು ಪರೀಕ್ಷಕರು ಬಿಡುವುದಿಲ್ಲ, ಬಿಡಲೂಬಾರದು. ಚಿನ್ನದ ರೇಕು ಅವಕೆಂಪಿಗೆ ಗೋಡೆಯಿದ್ದಂತೆ, ತಾಮ್ರದಿಂದಾದ ನೀಲಿ ಹಸಿರುಗಳೂ ಬಹಳ ಮಟ್ಟಿಗೆ ಅಡ್ಡ ನಿಲ್ಲುತ್ತವೆ. ಅವಕೆಂಪನ್ನು ತಡೆಯುವ ಫಿಲ್ಟರನ್ನು ಕಿತ್ತು ಮಾರ್ಪಡಿಸಿದ ಸಾಮಾನ್ಯ ಕ್ಯಾಮೆರಾ ಸುಮಾರು 1000 ನ್ಯಾನೊಮೀಟರಿನವರೆಗೆ ಮಾತ್ರ ನೋಡಬಲ್ಲದು, ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಅದರಾಚೆಗೆ 1700 ನ್ಯಾನೊಮೀಟರಿನವರೆಗೆ ನೋಡುವ ಇಂಡಿಯಂ-ಗ್ಯಾಲಿಯಂ-ಆರ್ಸೆನೈಡ್ ಕ್ಯಾಮೆರಾಕ್ಕೆ ಲಕ್ಷಗಳು ಬೇಕು. ಮೊದಲನೆಯದರಲ್ಲಿ ಏನೂ ಕಾಣದಿದ್ದರೆ ಕೆಳಗೆ ಏನೂ ಇಲ್ಲವೆಂದು ಬರೆಯಬೇಡಿ.

ಹಲವು ತರಂಗಗಳಲ್ಲಿ ಒಂದೊಂದೇ ಚಿತ್ರ ತೆಗೆದು ಅವುಗಳನ್ನು ಗಣಿತದಿಂದ ಬೆರೆಸುವ ಬಹುರೋಹಿತ ಚಿತ್ರಣ ಈ ಎರಡು ವಿಧಾನಗಳ ಸಂಗಮ. ಇದರ ಪ್ರಸಿದ್ಧ ಪರೀಕ್ಷೆ ನಡೆದದ್ದು ಆರ್ಕಿಮಿಡೀಸ್‌ನ ಹೆಸರಿನಲ್ಲಾದರೂ ಪುಸ್ತಕ ಮಾತ್ರ ಪ್ರಾರ್ಥನೆಯದೇ. ಹತ್ತನೆಯ ಶತಮಾನದಲ್ಲಿ ನಕಲು ಮಾಡಿದ್ದ ಅವನ ಗಣಿತ ಕೃತಿಗಳ ಹಾಳೆಗಳನ್ನು ಬಿಚ್ಚಿ, ಅಳಿಸಿ, ಅಡ್ಡಲಾಗಿ ತಿರುಗಿಸಿ, 1229ರಲ್ಲಿ ಒಬ್ಬ ಪಾದ್ರಿ ಗ್ರೀಕ್ ಪ್ರಾರ್ಥನೆಗಳನ್ನು ಬರೆದನು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಬರಿಗಣ್ಣಿನಿಂದಲೇ ಬಹುಭಾಗವನ್ನು ಓದಿದನು. 1998ರಲ್ಲಿ ನ್ಯೂಯಾರ್ಕಿನಲ್ಲಿ ಇಪ್ಪತ್ತು ಲಕ್ಷ ಡಾಲರಿಗೆ ಹರಾಜಾದ ಪುಸ್ತಕ ಬಾಲ್ಟಿಮೋರಿನ ವಾಲ್ಟರ್ಸ್ ಸಂಗ್ರಹಾಲಯಕ್ಕೆ ಬಂತು. ಅತಿನೇರಳೆಯ ಚಿತ್ರವನ್ನೂ ಕೆಂಪು ಬೆಳಕಿನ ಚಿತ್ರವನ್ನೂ ಬೆರೆಸಿದಾಗ ಪ್ರಾರ್ಥನೆ ಕಪ್ಪಾಗಿಯೂ ಅಳಿಸಿದ ಗಣಿತ ಕೆಂಪಾಗಿಯೂ ಬೇರ್ಪಟ್ಟವು. ಗಣಿತದ ಇತಿಹಾಸಕಾರರಿಗೆ ಪ್ರಾರ್ಥನೆ ಅಡ್ಡಿ, ನಮಗೆ ಅದೇ ವಿಷಯ. ಈ ಪುಸ್ತಕದ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವುದರಿಂದ, ವಿಧಾನವನ್ನು ಕಲಿಯಬೇಕೆನ್ನುವವರು ‘ಇಮೇಜ್‌ಜೆ’ಯಂಥ ಉಚಿತ ತಂತ್ರಾಂಶ ಹಾಕಿಕೊಂಡು ಮನೆಯಲ್ಲೇ ಅಭ್ಯಾಸ ಮಾಡಬಹುದು.

ಇದೇ ತಂಡದಲ್ಲಿದ್ದ ರೋಜರ್ ಈಸ್ಟನ್ ಅವರು ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಅವರೊಡನೆ ಉಡುಪಿಗೆ ಬಂದು, ಸುಮಾರು ಏಳುನೂರು ವರ್ಷ ಹಳೆಯದಾದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿಗಳನ್ನು ಅವಕೆಂಪಿನಲ್ಲಿ ಚಿತ್ರೀಕರಿಸಿದ್ದರು ಎಂಬುದನ್ನು ಕನ್ನಡದ ಓದುಗರು ಗಮನಿಸಬೇಕು. ಅಲ್ಲಿ ತೊಂದರೆ ತಿದ್ದುಪಡಿಯದಲ್ಲ, ಗರಿ ಕಂದಿ ಅಕ್ಷರ ಮರೆಯಾದದ್ದು. ಕಂದಿದ ಗರಿ ಅವಕೆಂಪಿನಲ್ಲಿ ತಿಳಿಯಾಗುತ್ತದೆ, ಕಾಡಿಗೆ ತುಂಬಿದ ಅಕ್ಷರ ಕಪ್ಪಾಗಿ ಉಳಿಯುತ್ತದೆ. ಕಬ್ಬಿಣದ ಮಸಿಯ ಚರ್ಮಪತ್ರಕ್ಕೆ ಅದೇ ಅವಕೆಂಪನ್ನು ಹಿಡಿದರೆ ಅಕ್ಷರವೇ ಮಾಯ. ತಾಳೆಗರಿಯ ಅನುಭವವಿರುವವರು ಯುರೋಪಿನ ಹಸ್ತಪ್ರತಿಗೆ ಕೈಹಾಕಿದಾಗ ಎಡವುವುದು ಇಲ್ಲೇ.

ಬೆಳಕು ಸೋತಲ್ಲಿ ಕ್ಷ-ಕಿರಣ ಪ್ರತಿದೀಪ್ತಿ ಶುರುವಾಗುತ್ತದೆ. ಇದು ಆ ಜಾಗದಲ್ಲಿ ಕಬ್ಬಿಣ, ತಾಮ್ರ, ಸತು, ಪಾದರಸ, ಸೀಸ ಇವುಗಳಲ್ಲಿ ಯಾವ ಧಾತು ಎಷ್ಟಿದೆಯೆಂದು ಹೇಳುತ್ತದೆ. ಆರ್ಕಿಮಿಡೀಸ್ ಪುಸ್ತಕದ ನಾಲ್ಕು ಪುಟಗಳ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಚಿನ್ನದ ಹಿನ್ನೆಲೆಯ ನಕಲಿ ಸಂತರ ಚಿತ್ರಗಳನ್ನು ಬರೆದಿದ್ದರು. ಕೆಳಗಿನ ಬರಹ ಯಾವ ಕ್ಯಾಮೆರಾಕ್ಕೂ ಸಿಗಲಿಲ್ಲ. ಎಲೆಕ್ಟ್ರಾನುಗಳನ್ನು ಅತಿವೇಗದಲ್ಲಿ ಸುತ್ತಿಸಿ ಕ್ಷ-ಕಿರಣ ಹೊರಡಿಸುವ ಬೃಹತ್ ಯಂತ್ರವಾದ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಿಂಕ್ರೊಟ್ರಾನಿನ ತೀಕ್ಷ್ಣ ಕಿರಣ ಚಿನ್ನವನ್ನು ದಾಟಿ ಮಸಿಯ ಕಬ್ಬಿಣದ ನಕ್ಷೆಯನ್ನು ಬಿಡಿಸಿತು. ಅಷ್ಟು ದೊಡ್ಡ ಸೌಲಭ್ಯ ನಮಗೆ ಸಿಗದಿದ್ದರೂ ಕೈಯಲ್ಲಿ ಹಿಡಿಯುವ ಯಂತ್ರಗಳು ಇವೆ, ಬೆಲೆ ಹತ್ತಾರು ಲಕ್ಷ. ಅನ್ನಭೇದಿ ಶುದ್ಧವಾಗಿರುತ್ತಿರಲಿಲ್ಲ, ಅದರೊಂದಿಗೆ ತಾಮ್ರ ಮತ್ತು ಸತು ಬೆರೆತಿರುತ್ತಿದ್ದವು. ಈ ಬೆರಕೆಯ ಪ್ರಮಾಣವನ್ನು ಕಬ್ಬಿಣಕ್ಕೆ ಹೋಲಿಸಿದರೆ ಪ್ರತಿ ಮಸಿಗೂ ಒಂದು ಗುರುತು ಸಿಗುತ್ತದೆ. ಕಣ್ಣಿಗೆ ಒಂದೇ ಕಂದು ಬಣ್ಣವಾಗಿ ಕಾಣುವ ಎರಡು ಸಾಲುಗಳು ಬೇರೆ ಬೇರೆ ಮಸಿಯವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹೆರೆದ ಕೆಂಪಕ್ಷರದ ಜಾಗದಲ್ಲಿ ಉಳಿದ ಪಾದರಸದ ಕಣಗಳನ್ನು ಹುಡುಕಲೂ ಇದೇ ಸರಿ.

ಕೊರತೆಗಳೂ ಇವೆ. ಕ್ಷ-ಕಿರಣ ಹಾಳೆಯ ಹಿಂಬದಿಯನ್ನೂ ಮುಂದಿನ ಹಾಳೆಯನ್ನೂ ಒಟ್ಟಿಗೇ ಓದಿಬಿಡುತ್ತದೆ. ಹಾಳೆಗಳ ನಡುವೆ ಲೋಹವಿಲ್ಲದ ಫಲಕವನ್ನು ಇಟ್ಟು ಮುಂದಿನ ಹಾಳೆಯನ್ನು ಮರೆಮಾಡಬಹುದು, ಹಿಂಬದಿಯನ್ನಲ್ಲ. ಸಸ್ಯಜನ್ಯ ಬಣ್ಣಗಳನ್ನು ಇದು ಕಾಣದು. ಎಲ್ಲಕ್ಕಿಂತ ಮುಖ್ಯವಾಗಿ, ಮಸಿ ಬೇರೆ ಎಂದರೆ ಕಾಲ ಬೇರೆ ಎಂದಲ್ಲ. ಲಿಪಿಕಾರನ ಕುಡಿಕೆ ಮಧ್ಯಾಹ್ನಕ್ಕೆ ಖಾಲಿಯಾಗಿ ಹೊಸ ಮಸಿ ಕಲಸಿದರೂ ಗುರುತು ಬದಲಾಗುತ್ತದೆ. ಹಾಗಾಗಿ ಅನುಮಾನದ ಸಾಲನ್ನಷ್ಟೇ ಅಳೆಯದೆ, ನಿರ್ವಿವಾದವಾಗಿ ಮೂಲದ್ದಾದ ಹತ್ತಾರು ಜಾಗಗಳನ್ನು ಮೊದಲು ಅಳೆದು ಅವುಗಳೊಳಗೇ ಎಷ್ಟು ಏರಿಳಿತವಿದೆಯೆಂದು ತಿಳಿದುಕೊಳ್ಳಿ.

ಕಾಲದ ಪ್ರಶ್ನೆ ಬಂದಾಗ, ಲೇಸರ್ ಬೆಳಕು ಬಿಟ್ಟು ಚದುರಿ ಬಂದ ಬೆಳಕನ್ನು ಓದುವ ರಾಮನ್ ರೋಹಿತ ವಿಧಾನ ಮುಂದೆ ಬರುತ್ತದೆ. 1928ರಲ್ಲಿ ಕೋಲ್ಕತ್ತದಲ್ಲಿ ಕಂಡುಹಿಡಿದ ಪರಿಣಾಮ, ಅದನ್ನು ಕಂಡವರು ಮುಂದೆ ಬೆಂಗಳೂರಿನವರೇ ಆದರು ಎಂಬ ಹೆಮ್ಮೆ ಒಂದು ಕಡೆ ಇರಲಿ. ವಸ್ತುವಿನ ಧಾತುವನ್ನಲ್ಲ, ವಸ್ತುವನ್ನೇ ಹೆಸರಿಟ್ಟು ಹೇಳುವುದು ಇದರ ಬಲ. ಹಾಳೆಯಿಂದ ಏನನ್ನೂ ಕೀಳಬೇಕಿಲ್ಲ. ಬಣ್ಣಗಳಿಗೆ ಹುಟ್ಟಿದ ದಿನವಿದೆ: ಪ್ರಷ್ಯನ್ ನೀಲಿ ಹದಿನೆಂಟನೆಯ ಶತಮಾನದ ಮೊದಲ ದಶಕದ್ದು, ಕೃತಕ ಅಲ್ಟ್ರಾಮರೀನ್ 1828ರದ್ದು, ಟೈಟಾನಿಯಂ ಬಿಳಿ ಇಪ್ಪತ್ತನೆಯ ಶತಮಾನದ್ದು. ‘ಸ್ಪ್ಯಾನಿಷ್ ಫೋರ್ಜರ್’ ಎಂದೇ ಹೆಸರಾದ, ಇಂದಿಗೂ ಗುರುತು ಸಿಗದ ನಕಲಿಗಾರನು ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ಸಂಧಿಯಲ್ಲಿ ನಿಜವಾದ ಹಳೆಯ ಹಾಡಿನ ಪುಸ್ತಕಗಳ ಹಾಳೆಗಳ ಮೇಲೆ ಮುದ್ದಾದ ಮಧ್ಯಯುಗದ ಚಿತ್ರಗಳನ್ನು ಬರೆದು ಮಾರುತ್ತಿದ್ದನು. ಅವನನ್ನು ಹಿಡಿದುಕೊಟ್ಟದ್ದು ಆರ್ಸೆನಿಕ್ ಬೆರೆತ ಹಸಿರು, ಕ್ರೋಮ್ ಹಳದಿಯಂಥ ಹೊಸ ಬಣ್ಣಗಳು. ಆರ್ಕಿಮಿಡೀಸ್ ಪುಸ್ತಕದ ನಕಲಿ ಸಂತರಲ್ಲೂ 1938ರ ನಂತರ ಮಾತ್ರ ಅಂಗಡಿಗೆ ಬಂದ ಥ್ಯಾಲೊಸಯನಿನ್ ಹಸಿರು ಸಿಕ್ಕಿತು.

ಆದರೆ ಇದೇ ವಿಧಾನವನ್ನು ಇಸಾಬೆಲಾಳ ಪುಸ್ತಕಕ್ಕೆ ಹಿಡಿದು ಕಾಲ ಕೇಳಿದರೆ ಏನು ಸಿಗುತ್ತದೆ? ಮೂಲಕ್ಕೂ ತಿದ್ದುಪಡಿಗೂ ನಡುವೆ ಇರುವುದು ಕೆಲವೇ ವರ್ಷ. ಆ ಕಾಲದ ಚಿತ್ರಕಾರರೆಲ್ಲ ಬಳಸುತ್ತಿದ್ದದ್ದು ಅದೇ ಇಂಗಳೀಕ, ಅದೇ ಸೀಸದ ಬಿಳಿ, ಅದೇ ನೀಲಿಗಳು. ಬಣ್ಣದ ಹೆಸರು ತಿಳಿದರೂ ತಿದ್ದುಪಡಿ ಯಾವ ವರ್ಷದ್ದೆಂದು ತಿಳಿಯದು, ಅದನ್ನು ಹೇಳಿದ್ದು ಮದುವೆಯ ದಾಖಲೆ ಮತ್ತು ಲಾಂಛನ. ಆಧುನಿಕ ಕೈಚಳಕ ಹಿಡಿಯಲು ರಾಮನ್, ಮಧ್ಯಯುಗದೊಳಗಿನ ತಿದ್ದುಪಡಿಗೆ ಅವಕೆಂಪು ಎಂದು ವಿಂಗಡಿಸಿಕೊಂಡರೆ ದಾರಿ ತಪ್ಪುವುದಿಲ್ಲ. ಲೇಸರಿನ ಶಕ್ತಿ ಹೆಚ್ಚಾದರೆ ಬಣ್ಣ ಸುಟ್ಟು ಕಪ್ಪಾಗಬಹುದು, ಅಂಟಿನ ಮಿನುಗು ಸಂಕೇತವನ್ನು ಮುಳುಗಿಸಬಹುದು. ಹಾಗಾಗಿ ನುರಿತ ಕೈ ಇಲ್ಲದೆ ಇದಕ್ಕೆ ಇಳಿಯಬಾರದು.

ಇಂಗಾಲ-14 ಪರೀಕ್ಷೆಯ ಬಗ್ಗೆ ಬಹಳ ಮಂದಿ ಕೇಳುವುದರಿಂದ ಎರಡು ಮಾತು. ಅದು ಹಾಳೆಯ ಚೂರನ್ನು ಸುಡುತ್ತದೆ, ಪ್ರಾಣಿ ಸತ್ತ ಕಾಲವನ್ನು ಹೇಳುತ್ತದೆ, ಮಸಿ ಬಿದ್ದ ಕಾಲವನ್ನಲ್ಲ. ಕೊಲಂಬಸನಿಗೂ ಮೊದಲೇ ಅಮೆರಿಕದ ಕರಾವಳಿಯನ್ನು ತೋರಿಸಿದ್ದೆಂದು ಹೇಳಲಾಗಿದ್ದ, ಯೇಲ್ ವಿಶ್ವವಿದ್ಯಾಲಯದಲ್ಲಿರುವ ‘ವಿನ್ಲಂಡ್ ನಕ್ಷೆ’ಯ ಚರ್ಮ ನಿಜವಾಗಿಯೂ ಹದಿನೈದನೆಯ ಶತಮಾನದ್ದು, ಮಸಿಯಲ್ಲಿ ಮಾತ್ರ ಆಧುನಿಕ ಟೈಟಾನಿಯಂ ಇತ್ತು. ಅದು ನಕಲಿ ಎಂದು 2021ರಲ್ಲಿ ಅಂತಿಮವಾಗಿ ತೀರ್ಮಾನವಾಯಿತು. ತಿದ್ದುಪಡಿಯ ಅಧ್ಯಯನಕ್ಕೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಹಾಳೆಯನ್ನೇ ಸೇರಿಸಿರಬಹುದೆಂಬ ಅನುಮಾನವಿದ್ದರೆ ಚರ್ಮದ ಪ್ರೋಟೀನ್ ಪರೀಕ್ಷೆ ಇದೆ. ಯಾರ್ಕ್ ವಿಶ್ವವಿದ್ಯಾಲಯದ ಸಾರಾ ಫಿಡಿಮೆಂಟ್ ಮತ್ತವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಈ ಉಪಾಯ ಬಹಳ ಸರಳ. ಸಂರಕ್ಷಕರು ಹಾಳೆ ಶುಚಿಗೊಳಿಸಲು ಬಳಸುವ ಪಿವಿಸಿ ರಬ್ಬರಿನಿಂದ ಮೆಲ್ಲಗೆ ಉಜ್ಜಿದಾಗ, ಘರ್ಷಣೆಯ ವಿದ್ಯುತ್ತಿಗೆ ಚರ್ಮದ ಪ್ರೋಟೀನಾದ ಕೊಲಾಜೆನ್ನಿನ ಅತಿಸಣ್ಣ ಅಂಶ ರಬ್ಬರಿನ ಪುಡಿಗೆ ಅಂಟಿಕೊಳ್ಳುತ್ತದೆ. ಆ ಪುಡಿಯಿಂದ ಹಾಳೆ ಕರುವಿನದೋ, ಮೇಕೆಯದೋ, ಕುರಿಯದೋ ಎಂದು ತಿಳಿಯಬಹುದು. ಕರುವಿನ ಹಾಳೆಗಳ ನಡುವೆ ಕುರಿಯ ಎರಡು ಹಾಳೆ ಸಿಕ್ಕರೆ ಅಲ್ಲಿ ನಿಂತು ನೋಡಬೇಕು. ಆದರೆ ಮೂಲ ತಯಾರಿಕೆಯಲ್ಲೇ ಎರಡು ಬಗೆಯ ಚರ್ಮ ಬೆರೆಸಿರುವುದೂ ಉಂಟು, ಆದ್ದರಿಂದ ಹೊಲಿಗೆಯನ್ನೂ ಗೆರೆ ಎಳೆದ ಕ್ರಮವನ್ನೂ ಜೊತೆಗಿಟ್ಟು ಓದಬೇಕು. ಇದೇ ತಂಡ 2021ರಲ್ಲಿ, ಇಂಗ್ಲೆಂಡಿನಲ್ಲಿ ಹೆರಿಗೆಯ ವೇಳೆ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಪ್ರಾರ್ಥನೆಯ ಚರ್ಮಸುರುಳಿಯೊಂದರಲ್ಲಿ ಜೇನು, ಹಾಲು ಮತ್ತು ದೇಹದ್ರವಗಳ ಅಂಶಗಳನ್ನು ಇದೇ ವಿಧಾನದಿಂದ ಗುರುತಿಸಿತು.

ಆ ಸುರುಳಿ ನಮ್ಮನ್ನು ನಾಲ್ಕನೆಯ ಬಗೆಗೆ, ಬಳಕೆಯಿಂದಾದ ಬದಲಾವಣೆಗೆ ತರುತ್ತದೆ. ಕಲಾ ಇತಿಹಾಸಕಾರ್ತಿ ಕ್ಯಾಥರಿನ್ ರೂಡಿ ಅವರು 2010ರಲ್ಲಿ ಡೆನ್ಸಿಟೋಮೀಟರ್ ಎಂಬ ಸಾಮಾನ್ಯ ಉಪಕರಣದಿಂದ ಪ್ರಾರ್ಥನಾ ಪುಸ್ತಕಗಳ ಅಂಚಿನ ಕೊಳೆಯನ್ನು ಅಳೆದರು. ಪುಟ ಹಿಂತಿರುಗಿಸುವ ಬೆಳಕಿನ ಪ್ರಮಾಣದಿಂದ ಅದು ಎಷ್ಟು ಕಪ್ಪಾಗಿದೆಯೆಂದು ತಿಳಿಯುತ್ತದೆ, ಬೆರಳು ಹೆಚ್ಚು ಬಿದ್ದ ಪುಟ ಹೆಚ್ಚು ಕಪ್ಪು. ಒಂದು ಪುಸ್ತಕದಲ್ಲಿ ಪ್ಲೇಗಿನಿಂದ ಕಾಪಾಡುವನೆಂದು ನಂಬಿದ್ದ ಸಂತ ಸೆಬಾಸ್ಟಿಯನ್ನನ ಪ್ರಾರ್ಥನೆ ಬಹಳ ಸವೆದಿತ್ತು. ಖರ್ಚು ಕಡಿಮೆ, ಫಲಿತಾಂಶ ಮನುಷ್ಯರಿಗೆ ತೀರಾ ಹತ್ತಿರವಾದದ್ದು. ಆದರೆ ಕೊಳೆ ಯಾವ ಶತಮಾನದ ಬೆರಳಿನದೆಂದು ಉಪಕರಣಕ್ಕೆ ತಿಳಿಯದು, ಹಿಂದೊಮ್ಮೆ ಶುಚಿಗೊಳಿಸಿದ ಪುಸ್ತಕದಲ್ಲಿ ಇದು ಕೆಲಸಕ್ಕೇ ಬಾರದು.

ಇವೆಲ್ಲವನ್ನೂ ನಿಮ್ಮ ಪರಿಸ್ಥಿತಿಗೆ ಇಳಿಸಿದರೆ ಹೀಗಾಗುತ್ತದೆ. ಕೈಯಲ್ಲಿ ಹಣವಿಲ್ಲದ, ಒಂದು ವಾರದ ಮಟ್ಟಿಗೆ ಗ್ರಂಥಾಲಯಕ್ಕೆ ಹೋಗುವ ವಿದ್ಯಾರ್ಥಿ ಹೆರೆದ ಹೆಸರುಗಳನ್ನು ವಿಷಯವಾಗಿ ಆರಿಸಿಕೊಳ್ಳಲಿ. ಓರೆ ಬೆಳಕು ಮತ್ತು ಅತಿನೇರಳೆಯಿಂದ ಪ್ರಬಂಧವೊಂದು ನಿಲ್ಲುತ್ತದೆ, ಮೆಕ್‌ಕ್ಯಾಫ್ರಿಯವರದು ಅದಕ್ಕೆ ಸಾಕ್ಷಿ. ಗ್ರಂಥಾಲಯದ ದೀಪ ಬಳಸಲು ಮೊದಲೇ ಪತ್ರ ಬರೆಯಬೇಕು, ಸ್ವಂತ ದೀಪವನ್ನು ಅನುಮತಿಯಿಲ್ಲದೆ ಒಳಗೆ ಒಯ್ಯಬಾರದು. ಚಿತ್ರಗಳ ತಿದ್ದುಪಡಿಯೇ ಬೇಕೆನ್ನುವವರು ಮಾರ್ಪಡಿಸಿದ ಕ್ಯಾಮೆರಾಕ್ಕಾದರೂ ಏರ್ಪಾಡು ಮಾಡಿಕೊಳ್ಳಬೇಕು, ಅದಿಲ್ಲದಿದ್ದರೆ ವಿಷಯವನ್ನೇ ಬದಲಿಸುವುದು ಮೇಲು.

ಸಣ್ಣ ಸಂಸ್ಥೆಯೊಂದು ಒಂದೇ ಉಪಕರಣ ಕೊಳ್ಳಬಹುದಾದರೆ ಮೂರು ಬೆಳಕಿನ ಸೂಕ್ಷ್ಮದರ್ಶಕವನ್ನು ನಾನು ಸೂಚಿಸುತ್ತೇನೆ. ಕೈಯ ಕ್ಷ-ಕಿರಣ ಯಂತ್ರ ಆಕರ್ಷಕವಾಗಿ ಕಂಡರೂ, ಅದನ್ನು ನಡೆಸಲು ತರಬೇತಾದವರೂ ವಿಕಿರಣದ ಅನುಮತಿಯೂ ಬೇಕಾಗುವುದರಿಂದ, ವಿಶ್ವವಿದ್ಯಾಲಯದ ರಸಾಯನ ಅಥವಾ ಭೂವಿಜ್ಞಾನ ವಿಭಾಗದಿಂದ ಬೇಕಾದಾಗ ಎರವಲು ಪಡೆಯುವುದು ಜಾಣತನ. ಹರಾಜಿನಲ್ಲಿ ಬಿಡಿ ಹಾಳೆ ಕೊಳ್ಳುವ ಹವ್ಯಾಸಿಗಳು, ಅದರಲ್ಲೂ ಚಿತ್ರ ಹೆಚ್ಚು ಹೊಳೆಯುತ್ತಿದ್ದು ಸಂತರ ಮುಖಗಳು ತೀರಾ ಮುದ್ದಾಗಿದ್ದರೆ, ಮಾರುವವರಿಂದ ಬಣ್ಣಗಳ ರಾಮನ್ ವರದಿಯನ್ನು ಕೇಳಬೇಕು. ಚರ್ಮದ ವಯಸ್ಸಿನ ಪ್ರಮಾಣಪತ್ರ ತೋರಿಸಿದರೆ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಅನುದಾನವಿರುವ ದೊಡ್ಡ ಯೋಜನೆಗಳು ಬಹುರೋಹಿತ ಚಿತ್ರಣದಿಂದ ಇಡೀ ಪುಸ್ತಕವನ್ನು ಶೋಧಿಸಿ, ಅದು ತೋರಿಸಿದ ಬೆರಳೆಣಿಕೆಯ ಜಾಗಗಳಿಗೆ ಮಾತ್ರ ಕ್ಷ-ಕಿರಣ ಮತ್ತು ರಾಮನ್ ಬಳಸಬೇಕು. ಇದನ್ನು ತಿರುಗುಮುರುಗು ಮಾಡಿದರೆ ಎಲ್ಲಿ ಅಳೆಯಬೇಕೆಂದು ತಿಳಿಯದೆಯೇ ಯಂತ್ರದ ಸಮಯ ಮುಗಿದುಹೋಗುತ್ತದೆ.

ಯಾವುದನ್ನೇ ಆರಿಸಿಕೊಂಡರೂ ಪುಸ್ತಕವನ್ನು ಸದ್ಯದಲ್ಲೇ ಶುಚಿಗೊಳಿಸುವ ಉದ್ದೇಶವಿದೆಯೇ ಎಂದು ಸಂರಕ್ಷಕರನ್ನು ಮೊದಲು ವಿಚಾರಿಸಿ. ಇದ್ದರೆ, ಕೊಳೆಯ ಅಳತೆಯೂ ಅತಿನೇರಳೆ ಚಿತ್ರವೂ ಅದಕ್ಕೆ ಮೊದಲೇ ಆಗಬೇಕು. ಶುಚಿಗೊಳಿಸುವಾಗ ಉದುರುವ ರಬ್ಬರಿನ ಪುಡಿಯನ್ನು ಗುಡಿಸಿ ಎಸೆಯದೆ, ಒಂದೊಂದು ಹಾಳೆಯದನ್ನೂ ಬೇರೆ ಬೇರೆ ಪುಟ್ಟ ಕೊಳವೆಯಲ್ಲಿ ತುಂಬಿ, ಹಾಳೆಯ ಸಂಖ್ಯೆ ಬರೆದು ಇಟ್ಟುಕೊಡಲು ಕೇಳಿಕೊಳ್ಳಿ.